ಕ್ರೀಡಾ ಮಹಾಕೂಟಗಳ ಆತಿಥ್ಯ: ಹಿಂದಿನ ಆತಿಥೇಯರ ಅನುಭವದಿಂದ ಕೆಲವು ಪಾಠಗಳು

೧. ಪ್ರಸ್ತಾವನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ನಮ್ಮಲ್ಲಿ ಬಹು ಪ್ರಸಿದ್ಧವಾದುದು. ಇವೆರಡರಲ್ಲಿ ಒಂದೊಂದೂ ಗೃಹಸ್ಥನ ಶಕ್ತಿಯನ್ನು ಒರೆಗೆ ಹಚ್ಚುವಂಥದು. ಒಲಿಂಪಿಕ್ ಕೂಟವನ್ನಾಗಲಿ, ಕಾಮನ್‌ವೆಲ್ತ್ ಕೂಟವನ್ನಾಗಲಿ, ವಿಶ್ವಕಪ್ ಪಂದ್ಯಾವಳಿಯನ್ನಾಗಲಿ ತನ್ನಲ್ಲಿ ನಡೆಸಲು ಮುಂದಾಗುವ ದೇಶವು ಈ ಎರಡು ಕಾರ್ಯಗಳನ್ನೂ ಒಟ್ಟಿಗೆ, ಗೊತ್ತುಮಾಡಿದ ಮುಹೂರ್ತಕ್ಕೆ ಸರಿಯಾಗಿ, ಜಗತ್ತೆಲ್ಲ ನೋಡುತ್ತಿರುವಂತೆಯೇ ನಡೆಸಿಕೊಡಬೇಕಾಗುತ್ತದೆ. ಮದುವೆ ಎರಡು ಮೂರು ವಾರಗಳಲ್ಲಿ ಮುಗಿದುಹೋಗುತ್ತದೆ. ಕಟ್ಟಿದ ಮನೆ ಉಳಿಯುತ್ತದೆ, ಅದರ ಸಾಲವೂ ಉಳಿಯುತ್ತದೆ.

ಭಾರತದ ಮಟ್ಟಿಗೆ ಈ ವಿಚಾರವು ಈಗ ಬರಿಯ ಜಿಜ್ಞಾಸೆಯಲ್ಲ. ೨೦೩೬ರ ಒಲಿಂಪಿಕ್ ಕೂಟವನ್ನು ನಡೆಸುವ ಇಚ್ಛೆಯನ್ನು ಸೂಚಿಸಿ ಭಾರತೀಯ ಒಲಿಂಪಿಕ್ ಸಂಸ್ಥೆಯು ೨೦೨೪ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಪತ್ರ ಸಲ್ಲಿಸಿತು. ೨೦೨೫ರ ನವೆಂಬರಿನಲ್ಲಿ ಗ್ಲಾಸ್ಗೋ ನಗರದಲ್ಲಿ ಸೇರಿದ ಕಾಮನ್‌ವೆಲ್ತ್ ಕ್ರೀಡಾಸಂಸ್ಥೆಯ ಮಹಾಸಭೆಯು ೨೦೩೦ರ ಕೂಟವನ್ನು ಅಹಮದಾಬಾದಿಗೆ ವಹಿಸಿತು. ಕೆನಡದ ಹ್ಯಾಮಿಲ್ಟನ್ ನಗರದಲ್ಲಿ ೧೯೩೦ರಲ್ಲಿ ಮೊದಲಾದ ಆ ಕೂಟಕ್ಕೆ ಅದು ಶತಮಾನೋತ್ಸವದ ವರ್ಷ. ಹೀಗಿರುವಾಗ, ನಮಗಿಂತ ಮುಂಚೆ ಈ ಹೊರೆಯನ್ನು ಹೊತ್ತವರು ಪಡೆದುದೇನು, ಕಳೆದುಕೊಂಡುದೇನು ಎಂಬುದನ್ನು ವಿವೇಚಿಸುವುದು ಉಚಿತವಾಗಿದೆ.

ಕ್ರೀಡೆಯಿಂದ ದೇಹಕ್ಕೂ ಸಮಾಜಕ್ಕೂ ಹಿತವುಂಟೆಂಬ ವಿಷಯದಲ್ಲಿ ಚರ್ಚೆಯಿಲ್ಲ. ಕೂಟಗಳು ತರುವ ಸಂಭ್ರಮವನ್ನೂ ಅಲ್ಲಗಳೆಯಬೇಕಾದುದಿಲ್ಲ. ನಮ್ಮ ಪ್ರಶ್ನೆ ಸಾರ್ವಜನಿಕ ಹಣಕ್ಕೂ ಸಾರ್ವಜನಿಕ ಭೂಮಿಗೂ ಸಂಬಂಧಿಸಿದುದು. ಈ ಲೇಖನದಲ್ಲಿ ನಾವು ಪ್ರತಿಪಾದಿಸಬಯಸುವ ಅಂಶ ಮುಖ್ಯವಾಗಿ ಒಂದೇ: ಆತಿಥೇಯನ ಲಾಭನಷ್ಟಗಳು ಬಹುಮಟ್ಟಿಗೆ ನಿರ್ಧಾರವಾಗುವುದು ಕೂಟದ ದಿನಗಳಲ್ಲಲ್ಲ, ಸಿದ್ಧತೆಯ ವರ್ಷಗಳಲ್ಲಿಯೂ ಅಲ್ಲ, ಒಪ್ಪಂದಕ್ಕೆ ಸಹಿ ಬೀಳುವುದಕ್ಕೆ ಮುಂಚೆ. ಸಹಿ ಬಿದ್ದ ಮೇಲೆ ಎಚ್ಚರಗೊಳ್ಳುವುದೆಂದರೆ ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದಂತೆ.

೨. ಅಂದಾಜು ವೆಚ್ಚವು ಮೀರುವುದೇಕೆ?

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು ೧೯೬೦ರಿಂದೀಚಿನ ಒಲಿಂಪಿಕ್ ಕೂಟಗಳ ಲೆಕ್ಕಗಳನ್ನು ಪರಿಶೀಲಿಸಿ ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂಕಿಅಂಶ ದೊರೆತ ಕೂಟಗಳಲ್ಲಿ ಮೊದಲ ಅಂದಾಜಿನೊಳಗೆ ಮುಗಿದುದು ಒಂದೂ ಇಲ್ಲ. ಬೆಲೆಯೇರಿಕೆಯನ್ನು ಕಳೆದ ಮೇಲೆಯೂ ವೆಚ್ಚವು ಅಂದಾಜನ್ನು ಸರಾಸರಿ ಶೇಕಡ ೧೭೨ರಷ್ಟು ಮೀರಿದೆ; ಎಂದರೆ ನೂರು ರೂಪಾಯಿಯ ಕೆಲಸ ಇನ್ನೂರ ಎಪ್ಪತ್ತೆರಡಕ್ಕೆ ಮುಟ್ಟಿದೆ. ಇಷ್ಟು ಬೇರೆ ಬೇರೆ ದೇಶಗಳಲ್ಲಿ, ಇಷ್ಟು ಬೇರೆ ಬೇರೆ ಆಡಳಿತಗಳಲ್ಲಿ ಒಂದೇ ಪರಿಣಾಮ ಕಂಡುಬಂದಿರುವಾಗ ಅದಕ್ಕೆ ಯಾರೋ ಒಬ್ಬ ಅಧಿಕಾರಿಯ ಅಜಾಗ್ರತೆಯೇ ಕಾರಣವೆಂದು ಹೇಳಿ ಸುಮ್ಮನಾಗುವುದು ಸಾಲದು. ಕಾರಣಗಳು ವ್ಯವಸ್ಥೆಯ ಒಳಗೇ ಇವೆ. ಅವುಗಳಲ್ಲಿ ಮೂರನ್ನು ಇಲ್ಲಿ ಗಮನಿಸಬಹುದು.

ಮೊದಲನೆಯದು ಕಾಲದ ಕಟ್ಟು. ಯಾವ ಕಾಮಗಾರಿಗೇ ಆಗಲಿ ಕಾಲ, ಹಣ, ಗುಣ ಎಂದು ಮೂರು ಅಂಗಗಳುಂಟು. ಒಂದು ಅಣೆಕಟ್ಟಿನ ಕೆಲಸದಲ್ಲಿ ತೊಡಕುಂಟಾದರೆ ಮುಗಿಯುವ ದಿನವನ್ನು ಮುಂದೂಡಿ ಹಣವನ್ನು ಹಿಡಿತದಲ್ಲಿಟ್ಟುಕೊಳ್ಳಬಹುದು. ಕೂಟದ ಆರಂಭದ ದಿನ ಹಾಗೆ ಜರುಗದು. ಆದ್ದರಿಂದ ಪ್ರತಿಯೊಂದು ವಿಳಂಬವೂ ಹಣವಾಗಿ ಮಾರ್ಪಡುತ್ತದೆ. ಗುತ್ತಿಗೆದಾರನಿಗೆ ಇದು ಚೆನ್ನಾಗಿ ಗೊತ್ತು. ದಿನ ಸಮೀಪಿಸಿದಷ್ಟೂ ಚೌಕಾಸಿಯ ಬಲ ಸರ್ಕಾರದ ಕೈಯಿಂದ ಅವನ ಕೈಗೆ ಜಾರುತ್ತ ಹೋಗುತ್ತದೆ.

ಎರಡನೆಯದು ಸ್ಪರ್ಧೆಯ ಸ್ವಭಾವ. ಹಲವು ನಗರಗಳು ಒಂದೇ ಹಕ್ಕಿಗಾಗಿ ಪೈಪೋಟಿ ನಡೆಸುವಾಗ, ಲಾಭವನ್ನು ಅತಿಯಾಗಿಯೂ ವೆಚ್ಚವನ್ನು ಕಡಿಮೆಯಾಗಿಯೂ ಎಣಿಸಿದ ನಗರವೇ ಹೆಚ್ಚಿನ ವಾಗ್ದಾನ ನೀಡಿ ಗೆಲ್ಲುವ ಸಂಭವವುಂಟು. ಅರ್ಥಶಾಸ್ತ್ರಜ್ಞರು ಇದನ್ನು 'ಗೆದ್ದವನ ಶಾಪ' ಎನ್ನುತ್ತಾರೆ. ಕೂಟವನ್ನು ಬಯಸುವವರೇ ಅಂದಾಜನ್ನು ತಯಾರಿಸುವುದರಿಂದ ಈ ಶಾಪ ಇನ್ನಷ್ಟು ಬಲಗೊಳ್ಳುತ್ತದೆ.

ಮೂರನೆಯದು ಹೊಣೆಯ ಹಂಚಿಕೆ. ಪ್ರಸಾರದ ಹಕ್ಕುಗಳೂ ಪ್ರಾಯೋಜಕರೂ ತರುವ ಆದಾಯದ ದೊಡ್ಡ ಭಾಗದ ಮೇಲೆ ಅಧಿಕಾರವಿರುವುದು ಕೂಟದ ಒಡೆತನವುಳ್ಳ ಅಂತರರಾಷ್ಟ್ರೀಯ ಸಂಸ್ಥೆಗೆ. ಕಟ್ಟಡ, ರಸ್ತೆ, ಭದ್ರತೆಗಳ ವೆಚ್ಚವೂ, ಕೊರತೆ ಬಿದ್ದರೆ ಅದನ್ನು ತುಂಬಿಕೊಡುವ ಖಾತರಿಯೂ ಆತಿಥೇಯನ ಪಾಲಿಗೆ. ಷರತ್ತುಗಳನ್ನು ವಿಧಿಸುವವನು ಒಬ್ಬ, ಹಣ ತೆರುವವನು ಇನ್ನೊಬ್ಬನಾದಲ್ಲಿ ಮಿತವ್ಯಯವನ್ನು ನಿರೀಕ್ಷಿಸುವುದು ಕಷ್ಟ.

ಇವುಗಳ ಜೊತೆಗೆ ಲಾಭದ ಲೆಕ್ಕದಲ್ಲಿಯೂ ಒಂದು ಎಚ್ಚರ ಬೇಕು. ಕೂಟಕ್ಕೆ ಬರುವ ಪ್ರವಾಸಿಗಳನ್ನು ಎಣಿಸುವವರು, ಜನಜಂಗುಳಿಗೂ ಏರಿದ ಬೆಲೆಗೂ ಹೆದರಿ ಬಾರದೆ ಉಳಿದವರನ್ನು ಎಣಿಸುವುದಿಲ್ಲ. ೨೦೧೨ರ ಆಗಸ್ಟಿನಲ್ಲಿ, ಒಲಿಂಪಿಕ್ ಕೂಟ ನಡೆಯುತ್ತಿದ್ದ ತಿಂಗಳಲ್ಲಿಯೇ, ಬ್ರಿಟನ್ನಿಗೆ ಬಂದ ವಿದೇಶೀಯರ ಸಂಖ್ಯೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಕಡಿಮೆಯಾಗಿತ್ತು. ಅಲ್ಲದೆ ಒಂದು ಕ್ರೀಡಾಂಗಣಕ್ಕೆ ಹಾಕಿದ ಹಣವನ್ನು ಶಾಲೆಗೋ ಆಸ್ಪತ್ರೆಗೋ ಕುಡಿಯುವ ನೀರಿಗೋ ಹಾಕಿದ್ದರೆ ದೊರೆಯುತ್ತಿದ್ದ ಫಲವನ್ನೂ ತಕ್ಕಡಿಯಲ್ಲಿಡಬೇಕು. ಇದನ್ನೇ ಅವಕಾಶವೆಚ್ಚವೆಂದು ಕರೆಯುವುದು.

೩. ಮಾಂಟ್ರಿಯಲ್ ಮತ್ತು ಲಾಸ್ ಏಂಜಲಿಸ್

ಈ ತತ್ತ್ವಗಳಿಗೆ ಅತ್ಯಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಎಂಟು ವರ್ಷಗಳ ಅಂತರದಲ್ಲಿ ಉತ್ತರ ಅಮೆರಿಕದಲ್ಲಿ ನಡೆದ ಎರಡು ಒಲಿಂಪಿಕ್ ಕೂಟಗಳಲ್ಲಿ.

೧೯೭೬ರ ಕೂಟವನ್ನು ನಡೆಸಿದ ಮಾಂಟ್ರಿಯಲ್ ನಗರದ ಮೇಯರ್ ಜಾನ್ ದ್ರಾಪೋ, ಗಂಡಸಿಗೆ ಹೆರಿಗೆಯಾಗುವುದು ಹೇಗೆ ಅಸಂಭವವೋ ಒಲಿಂಪಿಕ್ ಕೂಟದಲ್ಲಿ ನಷ್ಟವಾಗುವುದೂ ಹಾಗೆಯೇ ಅಸಂಭವವೆಂದು ಮೊದಲಲ್ಲಿ ಸಾರಿದ್ದರು. ಫ್ರೆಂಚ್ ವಾಸ್ತುಶಿಲ್ಪಿ ರೋಜೆ ತೈಬೆರ್ ರಚಿಸಿದ ಕ್ರೀಡಾಂಗಣದ ವಿನ್ಯಾಸ ಅದುವರೆಗೆ ಯಾರೂ ಕಟ್ಟಿ ನೋಡದಂಥದು. ಮುಷ್ಕರಗಳು, ಕಠಿಣವಾದ ಚಳಿಗಾಲ, ವಿನ್ಯಾಸದ ತೊಡಕು ಇವೆಲ್ಲ ಸೇರಿ ಕಾಲ ಮೀರತೊಡಗಿದಾಗ ಹಣವನ್ನು ಸುರಿಯುವುದೊಂದೇ ದಾರಿಯಾಯಿತು. ಕೂಟ ಆರಂಭವಾದ ದಿನ ಕ್ರೀಡಾಂಗಣದ ಗೋಪುರ ಅರ್ಧಕ್ಕೇ ನಿಂತಿತ್ತು. ಅದು ಪೂರ್ಣಗೊಂಡುದು ೧೯೮೭ರಲ್ಲಿ. ಸುಮಾರು ೧೫೦ ಕೋಟಿ ಕೆನಡಿಯನ್ ಡಾಲರುಗಳ ಹೊರೆಯನ್ನು ತೀರಿಸಲು ಕ್ವೆಬೆಕ್ ಪ್ರಾಂತವು ತಂಬಾಕಿನ ಮೇಲೆ ವಿಶೇಷ ತೆರಿಗೆಯನ್ನು ಹಾಕಬೇಕಾಯಿತು. ಆ ಸಾಲ ತೀರಿದುದು ೨೦೦೬ರಲ್ಲಿ. ಕೂಟದ ವರ್ಷ ಹುಟ್ಟಿದ ಮಗು ಮೂವತ್ತು ವರ್ಷದ ಪ್ರೌಢನಾಗುವವರೆಗೂ ಊರು ಹದಿನಾರು ದಿನಗಳ ಹಬ್ಬದ ಸಾಲವನ್ನು ತೆರುತ್ತಿತ್ತು.

ಅದೇ ವರ್ಷದ ಚಳಿಗಾಲದ ಕೂಟದ ಕಥೆಯೂ ಗಮನಾರ್ಹವಾದುದು. ಅದನ್ನು ಮೊದಲು ಅಮೆರಿಕದ ಡೆನ್ವರ್ ನಗರಕ್ಕೆ ವಹಿಸಲಾಗಿತ್ತು. ಆದರೆ ೧೯೭೨ರ ನವೆಂಬರಿನಲ್ಲಿ ಕೊಲೊರಾಡೊ ರಾಜ್ಯದ ಮತದಾರರು ಅದಕ್ಕೆ ಸಾರ್ವಜನಿಕ ಹಣ ಕೊಡಲು ಒಪ್ಪಲಿಲ್ಲ. ಕೂಟವು ಆಸ್ಟ್ರಿಯದ ಇನ್ಸ್‌ಬ್ರುಕ್ಕಿಗೆ ಹೋಯಿತು.

ಮಾಂಟ್ರಿಯಲ್ಲಿನ ಗತಿಯನ್ನು ಕಂಡ ನಗರಗಳು ಹಿಂಜರಿದವು. ೧೯೮೪ರ ಕೂಟಕ್ಕೆ ಟೆಹರಾನ್ ಹಿಂದೆ ಸರಿದ ಮೇಲೆ ಕಣದಲ್ಲಿ ಉಳಿದುದು ಲಾಸ್ ಏಂಜಲಿಸ್ ಒಂದೇ. ಪ್ರತಿಸ್ಪರ್ಧಿಯಿಲ್ಲದ ಆ ನಗರ ತನ್ನ ಷರತ್ತುಗಳನ್ನು ತಾನೇ ಮುಂದಿಟ್ಟಿತು. ಕೂಟಕ್ಕೆ ನಗರದ ಬೊಕ್ಕಸದ ಹಣವನ್ನು ವೆಚ್ಚಮಾಡಕೂಡದೆಂದು ೧೯೭೮ರಲ್ಲಿ ಅಲ್ಲಿನ ಮತದಾರರು ನಗರದ ಸನ್ನದಿಗೇ ತಿದ್ದುಪಡಿ ಮಾಡಿದರು. ನಷ್ಟಕ್ಕೆ ನಗರವೇ ಹೊಣೆಯೆಂಬ ಎಂದಿನ ನಿಯಮದಿಂದ ಒಲಿಂಪಿಕ್ ಸಮಿತಿಯು ಅದಕ್ಕೆ ವಿನಾಯಿತಿ ಕೊಡಬೇಕಾಯಿತು. ೧೯೨೩ರಲ್ಲಿ ಕಟ್ಟಿ, ೧೯೩೨ರ ಕೂಟಕ್ಕೂ ಬಳಸಿದ್ದ ಹಳೆಯ ಕ್ರೀಡಾಂಗಣವೇ ಮುಖ್ಯ ವೇದಿಕೆಯಾಯಿತು. ಆಟಗಾರರು ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಲಯಗಳಲ್ಲಿ ಇಳಿದುಕೊಂಡರು. ಹೊಸದಾಗಿ ಬೇಕಾದ ಈಜುಕೊಳವನ್ನೂ ಸೈಕಲ್ ಪಂದ್ಯದ ಪಥವನ್ನೂ ಖಾಸಗಿ ಪ್ರಾಯೋಜಕರ ಹಣದಿಂದ ಕಟ್ಟಲಾಯಿತು. ಪೀಟರ್ ಯೂಬರಾತ್ ನೇತೃತ್ವದ ಸಂಘಟನಾ ಸಮಿತಿಯು ೨೦ ಕೋಟಿ ಡಾಲರಿಗೂ ಮಿಕ್ಕ ಉಳಿತಾಯ ತೋರಿಸಿತು. ಅದರ ಒಂದು ಪಾಲಿನಿಂದ ಸ್ಥಾಪಿತವಾದ ನಿಧಿಯು ದಕ್ಷಿಣ ಕ್ಯಾಲಿಫೋರ್ನಿಯದ ಮಕ್ಕಳ ಕ್ರೀಡಾಶಿಕ್ಷಣಕ್ಕೆ ಆ ಮೇಲೆ ದಶಕಗಳ ಕಾಲ ನೆರವಾಯಿತು.

ಎರಡು ನಗರಗಳ ಆಡಳಿತಗಾರರ ಸಾಮರ್ಥ್ಯದಲ್ಲಿ ಅಷ್ಟೊಂದು ಅಂತರವಿತ್ತೆಂದು ಭಾವಿಸಲು ಕಾರಣವಿಲ್ಲ. ಅಂತರವಿದ್ದುದು ಸಹಿ ಹಾಕಿದ ಸ್ಥಿತಿಯಲ್ಲಿ. ಒಂದು ನಗರ ಹೊಣೆಗೆ ಮೇರೆಯಿಲ್ಲದೆ ಸಹಿ ಹಾಕಿತು. ಇನ್ನೊಂದು ಮೊದಲು ಮೇರೆಯನ್ನು ಗೊತ್ತುಮಾಡಿ ಆಮೇಲೆ ಸಹಿ ಹಾಕಿತು.

೪. ನಗರಕ್ಕಾಗಿ ಕೂಟವೋ, ಕೂಟಕ್ಕಾಗಿ ನಗರವೋ?

ವೆಚ್ಚ ಮೀರಿದ ಮಾತ್ರಕ್ಕೆ ಕೂಟ ವ್ಯರ್ಥವಾಯಿತೆಂದು ಹೇಳಲಾಗದು. ಆ ವೆಚ್ಚದಿಂದ ಊರಿಗೆ ಉಳಿದುದೇನೆಂಬುದನ್ನೂ ನೋಡಬೇಕು. ಈ ದೃಷ್ಟಿಯಿಂದ ಎಲ್ಲರೂ ಎತ್ತಿ ತೋರಿಸುವ ಉದಾಹರಣೆ ೧೯೯೨ರ ಬಾರ್ಸಿಲೋನ.

ಆ ನಗರದ ಒಟ್ಟು ಹೂಡಿಕೆಯಲ್ಲಿ ಕ್ರೀಡಾಸೌಕರ್ಯಗಳಿಗೆ ಸಂದುದು ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಉಳಿದುದು ನಗರವನ್ನು ಸುತ್ತುವರಿದ ರಸ್ತೆಗಳು, ಒಳಚರಂಡಿ, ದೂರಸಂಪರ್ಕ, ವಿಮಾನನಿಲ್ದಾಣ ಇವುಗಳಿಗೆ ಸಂದಿತು. ಕಡಲಿಗೂ ಊರಿಗೂ ನಡುವೆ ಗೋಡೆಯಂತಿದ್ದ ರೈಲುಹಳಿಗಳನ್ನು ತೆಗೆದು, ಪಾಳುಬಿದ್ದ ಕಾರ್ಖಾನೆಗಳ ಪ್ರದೇಶದಲ್ಲಿ ಕ್ರೀಡಾಗ್ರಾಮವನ್ನು ಕಟ್ಟಿ, ಊರಿಗೆ ಮರಳಿ ಸಮುದ್ರತೀರವನ್ನು ದೊರಕಿಸಿಕೊಟ್ಟರು. ಮುಖ್ಯ ಕ್ರೀಡಾಂಗಣವೋ ೧೯೨೯ರ ವಸ್ತುಪ್ರದರ್ಶನಕ್ಕೆಂದು ಮಾಂಜುಯಿಕ್ ಬೆಟ್ಟದ ಮೇಲೆ ಕಟ್ಟಿದುದರ ಜೀರ್ಣೋದ್ಧಾರ. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದೇನೆಂದರೆ, ಈ ಕಾರ್ಯಗಳಲ್ಲಿ ಹಲವು ಕೂಟ ದೊರೆಯುವ ಮೊದಲೇ ನಗರದ ಯೋಜಕರ ಮನಸ್ಸಿನಲ್ಲಿದ್ದವು. ೧೯೭೬ರಷ್ಟು ಹಿಂದೆಯೇ ಮಹಾನಗರದ ಸಮಗ್ರ ಯೋಜನೆಯೊಂದು ಸಿದ್ಧವಾಗಿತ್ತು. ಕೂಟವು ಆ ಯೋಜನೆಗೆ ವೇಗ ಕೊಟ್ಟಿತು. ಮನೆಗಳ ಬೆಲೆಯೂ ಬಾಡಿಗೆಯೂ ಏರಿ ಅಲ್ಪಾದಾಯದವರು ತೊಂದರೆಗೊಳಗಾದರೆಂಬುದನ್ನೂ ಮರೆಯುವಂತಿಲ್ಲ.

ಹನ್ನೆರಡು ವರ್ಷಗಳ ತರುವಾಯ ಕೂಟ ನಡೆದ ಅಥೆನ್ಸ್ ನಗರಕ್ಕೂ ಒಳ್ಳೆಯ ವಿಮಾನನಿಲ್ದಾಣ, ಭೂಗತ ರೈಲು, ಟ್ರಾಮ್ ದೊರೆತವು. ಇವು ಇಂದಿಗೂ ಜನರಿಗೆ ಉಪಯುಕ್ತವಾಗಿವೆ. ಆದರೆ ೧೯೯೭ರಲ್ಲಿ ಹಕ್ಕು ದೊರೆತ ಮೇಲೆ ಮೊದಲ ಮೂರು ವರ್ಷಗಳು ಬಹುಪಾಲು ವ್ಯರ್ಥವಾದವು. ಉಳಿದ ಕಾಲದಲ್ಲಿ ಅವಸರದಿಂದ ಕಟ್ಟಿದ ಕ್ರೀಡಾಂಗಣಗಳಿಗೆ ಮುಂದಿನ ಬಳಕೆಯ ಯೋಚನೆ ಇರಲಿಲ್ಲ. ಗ್ರೀಸಿನಲ್ಲಿ ಆಡುವವರೇ ವಿರಳವಾದ ಬೇಸ್‌ಬಾಲ್, ಸಾಫ್ಟ್‌ಬಾಲ್, ಹಾಕಿ ಆಟಗಳಿಗಾಗಿ ಹಳೆಯ ಹೆಲೆನಿಕಾನ್ ವಿಮಾನನಿಲ್ದಾಣದಲ್ಲಿ ನಿರ್ಮಿಸಿದ ಅಂಗಣಗಳು ಕಳೆ ಬೆಳೆದು ಹಾಳುಬಿದ್ದವು. ಗ್ರೀಸಿನ ಸರ್ಕಾರ ಒಪ್ಪಿಕೊಂಡ ಲೆಕ್ಕದಂತೆ ವೆಚ್ಚ ಸುಮಾರು ೯೦೦ ಕೋಟಿ ಯೂರೊ. ಆ ದೇಶದ ಮುಂದಿನ ಆರ್ಥಿಕ ದುರ್ಗತಿಗೆ ಕೂಟವೇ ಕಾರಣವೆನ್ನುವುದು ಅತಿಶಯೋಕ್ತಿ. ಒಟ್ಟು ಸಾಲದಲ್ಲಿ ಇದರ ಪಾಲು ಚಿಕ್ಕದು. ಆದರೆ ಲೆಕ್ಕವಿಲ್ಲದೆ ವೆಚ್ಚಮಾಡುವ ಪ್ರವೃತ್ತಿ ಎರಡರಲ್ಲಿಯೂ ಕಂಡುಬರುತ್ತದೆ.

ಲಂಡನ್ (೨೦೧೨) ಈ ಎರಡರ ನಡುವೆ ನಿಲ್ಲುತ್ತದೆ. ೨೦೦೫ರಲ್ಲಿ ಹಕ್ಕು ಪಡೆದಾಗ ಸುಮಾರು ೨೪೦ ಕೋಟಿ ಪೌಂಡೆಂದು ಹೇಳಿದ್ದ ಸಾರ್ವಜನಿಕ ವೆಚ್ಚವನ್ನು ಸರ್ಕಾರವು ೨೦೦೭ರಲ್ಲಿ ಸುಮಾರು ೯೩೦ ಕೋಟಿಗೆ ಏರಿಸಿತು. ಇದು ಮೊದಲ ಅಂದಾಜಿನ ದೋಷವೇ ಸರಿ. ಆದರೆ ಕೂಟಕ್ಕೆ ಐದು ವರ್ಷ ಮುಂಚೆಯೇ ಸತ್ಯವನ್ನು ಸಂಸತ್ತಿನ ಮುಂದಿಟ್ಟು, ಆಕಸ್ಮಿಕಗಳಿಗೂ ಹಣ ಮೀಸಲಿಟ್ಟುದರಿಂದ ಆ ಎರಡನೆಯ ಅಂದಾಜಿನೊಳಗೆ ಕೆಲಸ ಮುಗಿಯಿತು. ಕೂಟ ಮುಗಿಯುವ ಮುಂಚೆಯೇ ಉದ್ಯಾನದ ಮುಂದಿನ ಆಡಳಿತಕ್ಕೆ ಪ್ರತ್ಯೇಕ ಸಂಸ್ಥೆ ನೇಮಕವಾಗಿತ್ತು. ಕ್ರೀಡಾಗ್ರಾಮವು ಸುಮಾರು ೨,೮೦೦ ಮನೆಗಳ ಬಡಾವಣೆಯಾಗಿ ಪರಿವರ್ತಿತವಾಯಿತು. ಆದರೆ ಮುಖ್ಯ ಕ್ರೀಡಾಂಗಣವನ್ನು ಯಾರು ಬಳಸಬೇಕೆಂಬುದನ್ನು ಮೊದಲೇ ನಿರ್ಧರಿಸದಿದ್ದುದರ ದಂಡವನ್ನು ಲಂಡನ್ನೂ ತೆರಬೇಕಾಯಿತು. ಕೂಟದ ಬಳಿಕ ಅದನ್ನು ಕಾಲ್ಚೆಂಡಾಟಕ್ಕೆ ಮಾರ್ಪಡಿಸಲು ೩೦ ಕೋಟಿ ಪೌಂಡಿಗೂ ಹೆಚ್ಚು ಹಣ ಹಿಡಿಯಿತು.

ಈ ಮೂರು ನಗರಗಳನ್ನು ಹೋಲಿಸಿದಾಗ ಒಂದು ಸೂತ್ರ ದೊರೆಯುತ್ತದೆ. ಮನೆ, ರೈಲು, ಚರಂಡಿಗಳಿಗೆ ಬಳಕೆದಾರರನ್ನು ಹುಡುಕಬೇಕಾಗಿಲ್ಲ. ಅವರು ಕಾಯುತ್ತಲೇ ಇರುತ್ತಾರೆ. ನಮ್ಮ ಬೆಂಗಳೂರಿನಲ್ಲಿಯೇ, ೧೯೯೭ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕೋರಮಂಗಲದಲ್ಲಿ ಕಟ್ಟಿದ ಕ್ರೀಡಾಗ್ರಾಮವು ಕೂಟ ಮುಗಿದ ಮೇಲೆ ಜನವಸತಿಯಾಗಿ ತುಂಬಿಕೊಂಡಿತು. ಎಂಬತ್ತು ಸಾವಿರ ಆಸನಗಳ ಅಂಗಣಕ್ಕೆ ಮಾತ್ರ ವಾರವಾರವೂ ಎಂಬತ್ತು ಸಾವಿರ ಜನ ಎಲ್ಲಿಂದಲೂ ಬರುವುದಿಲ್ಲ.

೫. ಬ್ರೆಜಿಲಿನ ಎಚ್ಚರಿಕೆ

ಬೆಳೆಯುತ್ತಿರುವ ದೊಡ್ಡ ದೇಶವೆಂಬ ಕಾರಣದಿಂದ ಬ್ರೆಜಿಲಿನ ಅನುಭವ ನಮಗೆ ಹೆಚ್ಚು ಸಮೀಪವಾದುದು. ಎರಡು ವರ್ಷಗಳ ಅಂತರದಲ್ಲಿ ಅದು ಕಾಲ್ಚೆಂಡಿನ ವಿಶ್ವಕಪ್ಪನ್ನೂ (೨೦೧೪) ರಿಯೊ ನಗರದ ಒಲಿಂಪಿಕ್ ಕೂಟವನ್ನೂ (೨೦೧೬) ನಡೆಸಿತು. ವಿಶ್ವಕಪ್ಪಿನ ಪಂದ್ಯಗಳನ್ನು ೧೨ ನಗರಗಳಿಗೆ ಹಂಚಲಾಯಿತು. ಅಮೆಜಾನ್ ಅರಣ್ಯದ ನಡುವಿನ ಮನೌಸ್ ನಗರದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಆಸನಗಳ ಅಂಗಣವನ್ನು ಕಟ್ಟಿದರು. ವಿಶ್ವಕಪ್ಪಿನಲ್ಲಿ ಅಲ್ಲಿ ನಡೆದುದು ನಾಲ್ಕೇ ಪಂದ್ಯಗಳು. ಆಗ ಆ ರಾಜ್ಯದ ಒಂದು ತಂಡವಾದರೂ ದೇಶದ ಮೊದಲ ದರ್ಜೆಯ ಪಂದ್ಯಾವಳಿಯಲ್ಲಿರಲಿಲ್ಲ.

೨೦೧೩ರ ಜೂನಿನಲ್ಲಿ ಬಸ್ಸಿನ ದರದ ಏರಿಕೆಯಿಂದ ಆರಂಭವಾದ ಚಳವಳಿಯು, ಕ್ರೀಡಾಂಗಣಗಳಿಗೆ ವಿಶ್ವಮಟ್ಟ ದೊರೆಯುವುದಾದರೆ ಆಸ್ಪತ್ರೆ ಶಾಲೆಗಳಿಗೇಕೆ ಇಲ್ಲ ಎಂಬ ಪ್ರಶ್ನೆಯಾಗಿ ದೇಶವನ್ನೆಲ್ಲ ವ್ಯಾಪಿಸಿತು. ಅವಕಾಶವೆಚ್ಚವೆಂಬ ಪಾರಿಭಾಷಿಕ ಪದವನ್ನು ಕೇಳಿರದ ಜನ ಅದರ ಅರ್ಥವನ್ನು ಬೀದಿಯಲ್ಲಿ ನಿಂತು ವಿವರಿಸಿದಂತಾಯಿತು. ಒಲಿಂಪಿಕ್ ಉದ್ಯಾನದ ಅಂಚಿನಲ್ಲಿದ್ದ ವಿಲಾ ಆಟೊದ್ರೊಮೊ ಎಂಬ ಬಡವರ ವಸತಿಯಲ್ಲಿ ನೂರಾರು ಕುಟುಂಬಗಳು ವಾಸವಾಗಿದ್ದವು. ತೆರವು ಕಾರ್ಯ ಮುಗಿದಾಗ, ಹೋರಾಡಿ ಅಲ್ಲಿಯೇ ಉಳಿದವು ಸುಮಾರು ೨೦ ಕುಟುಂಬಗಳು. ಕೂಟಕ್ಕೆ ಕೆಲವೇ ವಾರಗಳಿದ್ದಾಗ, ೨೦೧೬ರ ಜೂನಿನಲ್ಲಿ, ರಿಯೊ ರಾಜ್ಯ ಸರ್ಕಾರವು ಹಣಕಾಸಿನ ವಿಪತ್ತನ್ನು ಅಧಿಕೃತವಾಗಿ ಘೋಷಿಸಿತು. ಹಕ್ಕು ದೊರೆತ ೨೦೦೯ರಲ್ಲಿ ದೇಶದ ಆರ್ಥಿಕ ಸ್ಥಿತಿ ಉಜ್ಜ್ವಲವಾಗಿತ್ತು. ಹೊಣೆ ತೀರಿಸುವ ವೇಳೆಗೆ ಅದು ಮಂಕಾಗಿತ್ತು. ಏಳು ವರ್ಷ ಮುಂದಿನ ವೆಚ್ಚಕ್ಕೆ ಇಂದು ಮಾತು ಕೊಡುವವರು ಈ ಅಪಾಯವನ್ನು ಎಣಿಸಲೇಬೇಕು.

೬. ದಿಲ್ಲಿಯ ಮೂರು ಕೂಟಗಳು

ಪರದೇಶಗಳ ಉದಾಹರಣೆಗಳಿಗಿಂತ ನಮ್ಮ ಅನುಭವವೇ ನಮಗೆ ಹತ್ತಿರದ ಗುರು. ಮೊದಲನೆಯ ಏಷ್ಯನ್ ಕೂಟ ನಡೆದುದು ೧೯೫೧ರ ಮಾರ್ಚ್ ತಿಂಗಳಲ್ಲಿ, ದಿಲ್ಲಿಯಲ್ಲಿ. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವೂ ತುಂಬಿರಲಿಲ್ಲ. ಹನ್ನೊಂದು ದೇಶಗಳು ಪಾಲುಗೊಂಡ ಆ ಕೂಟ ೧೯೩೦ರ ದಶಕದಲ್ಲಿ ಕಟ್ಟಿದ್ದ ಬಯಲು ರಂಗಮಂದಿರವನ್ನು ಕ್ರೀಡಾಂಗಣವಾಗಿ ಬಳಸಿಕೊಂಡು ನಡೆಯಿತು. ಹಾಸಿಗೆಯಿದ್ದಷ್ಟು ಕಾಲು ಚಾಚುವ ವಿವೇಕ ಅಂದು ಬಡತನದಿಂದ ಬಂದುದಾದರೂ ವಿವೇಕವೇ.

೧೯೮೨ರ ಏಷ್ಯನ್ ಕೂಟದ ಹೊತ್ತಿಗೆ ದೃಷ್ಟಿ ಬದಲಾಗಿತ್ತು. ಜವಾಹರಲಾಲ್ ನೆಹರೂ ಕ್ರೀಡಾಂಗಣ, ಇಂದ್ರಪ್ರಸ್ಥ ಒಳಾಂಗಣ, ಮೇಲ್ಸೇತುವೆಗಳು, ರಾಜ್ ರೇವಾಲ್ ವಿನ್ಯಾಸಗೊಳಿಸಿದ ಕ್ರೀಡಾಗ್ರಾಮ ಇವೆಲ್ಲ ಆಗ ನಿರ್ಮಾಣವಾದವು. ಆ ಕಟ್ಟಡಗಳ ಜೊತೆಗೆ ಇನ್ನೊಂದು ಆಸ್ತಿಯೂ ಆ ಕೂಟದಿಂದ ಉಳಿಯಿತು. ಅದು ಸುಪ್ರೀಂ ಕೋರ್ಟಿನ ಒಂದು ತೀರ್ಪು. ದಿನಕ್ಕೆ ೯ ರೂಪಾಯಿ ೨೫ ಪೈಸೆಯ ಕನಿಷ್ಠ ಕೂಲಿಯಲ್ಲಿ ಒಂದು ರೂಪಾಯಿಯನ್ನು ಜಮಾದಾರರು ಹಿಡಿದುಕೊಳ್ಳುತ್ತಿದ್ದರೆಂದು ನಾಗರಿಕ ಹಕ್ಕುಗಳ ಸಂಘಟನೆಯೊಂದು ನ್ಯಾಯಾಲಯಕ್ಕೆ ಪತ್ರ ಬರೆಯಿತು. ಅದನ್ನೇ ಅರ್ಜಿಯೆಂದು ಸ್ವೀಕರಿಸಿದ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠವು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ ೨೩ನೆಯ ಅನುಚ್ಛೇದವು ನಿಷೇಧಿಸಿರುವ ಬಿಟ್ಟಿದುಡಿಮೆಗೆ ಸಮವೆಂದು ತೀರ್ಮಾನಿಸಿತು. ಕೆಲಸ ಮಾಡಿಸುವವರು ಗುತ್ತಿಗೆದಾರರೆಂಬ ನೆವದಿಂದ ಸರ್ಕಾರವು ಹೊಣೆ ತಪ್ಪಿಸಿಕೊಳ್ಳಲಾಗದೆಂಬುದನ್ನೂ ಸ್ಪಷ್ಟಪಡಿಸಿತು. ಕಾರ್ಮಿಕರ ಸ್ಥಿತಿಯ ಬಗೆಗಿನ ಇದೇ ಬಗೆಯ ದೂರುಗಳು ೨೦೧೦ರಲ್ಲಿ ಮತ್ತೆ ದಿಲ್ಲಿಯ ಹೈಕೋರ್ಟನ್ನು ಮುಟ್ಟಿದುವೆಂಬುದು, ತೀರ್ಪು ಇದ್ದರೆ ಸಾಲದು, ಗುತ್ತಿಗೆಯ ಷರತ್ತಿನಲ್ಲಿ ಅದು ಮೊದಲೇ ಇಳಿದುಬರಬೇಕೆಂಬುದಕ್ಕೆ ಸಾಕ್ಷಿ.

೨೦೧೦ರ ಕಾಮನ್‌ವೆಲ್ತ್ ಕೂಟದ ಹಕ್ಕು ದಿಲ್ಲಿಗೆ ದೊರೆತುದು ೨೦೦೩ರ ನವೆಂಬರಿನಲ್ಲಿ. ಭಾರತದ ಮಹಾಲೆಕ್ಕಪರಿಶೋಧಕರು ೨೦೧೧ರಲ್ಲಿ ಸಂಸತ್ತಿಗೆ ಒಪ್ಪಿಸಿದ ವರದಿ ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ಓದಬೇಕಾದ ದಾಖಲೆ. ೨೦೦೨ರಲ್ಲಿ ೨೯೭ ಕೋಟಿ ರೂಪಾಯಿಗಳೆಂದು ಸೂಚಿಸಿದ್ದ ಅಂದಾಜು, ಕೂಟದ ಹೊತ್ತಿಗೆ ೧೮,೫೩೨ ಕೋಟಿಗೆ ಏರಿತೆಂದೂ, ಮೆಟ್ರೊ ವಿಮಾನನಿಲ್ದಾಣಗಳಂಥ ಇತರ ಸಂಸ್ಥೆಗಳ ಹೂಡಿಕೆ ಇದರಲ್ಲಿ ಸೇರಿಲ್ಲವೆಂದೂ ಅದು ತೋರಿಸಿದೆ. ಈ ಎರಡು ಅಂಕಿಗಳನ್ನು ಹೋಲಿಸುವಾಗ ಮೊದಲನೆಯದರಲ್ಲಿ ಎಣಿಸದ ಎಷ್ಟೋ ಬಾಬುಗಳು ಎರಡನೆಯದರಲ್ಲಿವೆ ಎಂಬುದನ್ನು ನೆನಪಿಡಬೇಕು. ದೋಷದ ಮೂಲವೂ ಅಲ್ಲಿಯೇ ಇದೆ: ಒಪ್ಪಿಗೆ ಪಡೆಯುವಾಗ ಬಾಬುಗಳನ್ನೇ ಎಣಿಸಿರಲಿಲ್ಲ. ಹಕ್ಕು ದೊರೆತ ಬಳಿಕ ೨೦೦೬ರ ನಡುಭಾಗದವರೆಗೆ ಕಾಲವನ್ನು ವ್ಯರ್ಥವಾಗಿ ಕಳೆದು, ಆ ಮೇಲೆ ಅವಸರವನ್ನೇ ನೆಪಮಾಡಿ ನಿಯಮಗಳನ್ನು ಸಡಿಲಿಸಿದುದನ್ನೂ ವರದಿ ಎತ್ತಿ ಹೇಳಿದೆ. ಯಮುನೆಯ ದಡದ ಕ್ರೀಡಾಗ್ರಾಮವನ್ನು ಕಟ್ಟುತ್ತಿದ್ದ ಖಾಸಗಿ ಸಂಸ್ಥೆಯು ಹಣದ ಮುಗ್ಗಟ್ಟಿಗೆ ಸಿಲುಕಿದಾಗ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರವೇ ೩೩೩ ಮನೆಗಳನ್ನು ಕೊಂಡು ಅದನ್ನು ಉಳಿಸಬೇಕಾಯಿತು. ಚೌ‌ಕಾಸಿಯ ಬಲ ಕೈಜಾರುವುದೆಂದು ನಾವು ಮೇಲೆ ಹೇಳಿದುದಕ್ಕೆ ಇದಕ್ಕಿಂತ ನೇರವಾದ ದೃಷ್ಟಾಂತ ಬೇಡ.

ಎಲ್ಲಕ್ಕಿಂತ ಮಿಗಿಲಾಗಿ ಮನಸ್ಸನ್ನು ನೋಯಿಸುವ ಸಂಗತಿ ಇನ್ನೊಂದು. ಪರಿಶಿಷ್ಟ ಜಾತಿಗಳ ಏಳಿಗೆಗೆಂದು ದಿಲ್ಲಿ ಸರ್ಕಾರದ ಆಯವ್ಯಯದಲ್ಲಿ ಮೀಸಲಾಗಿದ್ದ ನೂರಾರು ಕೋಟಿ ರೂಪಾಯಿಗಳು ಕೂಟಕ್ಕೆ ಸಂಬಂಧಿಸಿದ ಕಾಮಗಾರಿಗಳಿಗೆ ಹೋದುವೆಂಬುದು ೨೦೧೦ರಲ್ಲಿ ಬೆಳಕಿಗೆ ಬಂದು, ಸಂಸತ್ತಿನಲ್ಲಿ ಸರ್ಕಾರವು ಅದನ್ನು ಒಪ್ಪಿಕೊಳ್ಳಬೇಕಾಯಿತು. ಮುಹೂರ್ತ ಸಮೀಪಿಸಿ ಹಣ ಸಾಲದಾದಾಗ ಮೊದಲು ಕೈಹಾಕುವುದು, ಕೂಗಿ ಕೇಳುವ ಶಕ್ತಿಯಿಲ್ಲದವರ ಗಂಟಿಗೆ. ಇತ್ತ ಅಂಗಣದಲ್ಲಿ ನಮ್ಮ ಕ್ರೀಡಾಪಟುಗಳು ೩೮ ಚಿನ್ನವೂ ಸೇರಿ ೧೦೧ ಪದಕಗಳನ್ನು ಗೆದ್ದು ದೇಶವನ್ನು ಎರಡನೆಯ ಸ್ಥಾನಕ್ಕೆ ಏರಿಸಿದರು. ಅವರ ಸಾಧನೆಗೆ ನಾವು ಎಷ್ಟು ಹೆಮ್ಮೆಪಟ್ಟರೂ ಕಡಿಮೆಯೇ. ಆ ಹೆಮ್ಮೆಯಿಂದ ಈ ಲೆಕ್ಕ ಮಾತ್ರ ಸರಿಹೋಗದು.

೭. ಬದಲಾದ ಕಾಲ, ದೊರೆತಿರುವ ಅವಕಾಶ

ಇಷ್ಟೆಲ್ಲ ಅನುಭವಗಳ ಫಲವಾಗಿ ಆತಿಥೇಯರಾಗಲು ಬಯಸುವ ನಗರಗಳೇ ವಿರಳವಾಗಿವೆ. ೨೦೨೪ರ ಒಲಿಂಪಿಕ್ ಕೂಟದ ಸ್ಪರ್ಧೆಯಿಂದ ಬಾಸ್ಟನ್, ಹ್ಯಾಂಬರ್ಗ್, ರೋಮ್, ಬುಡಾಪೆಸ್ಟ್ ನಗರಗಳು ಒಂದೊಂದಾಗಿ ಹಿಂದೆ ಸರಿದವು. ಹ್ಯಾಂಬರ್ಗಿನಲ್ಲಿ ೨೦೧೫ರ ಜನಮತವೇ ಅದನ್ನು ನಿರಾಕರಿಸಿತು. ಉಳಿದ ಎರಡು ನಗರಗಳಲ್ಲಿ ಪ್ಯಾರಿಸ್ಸಿಗೆ ೨೦೨೪ನ್ನೂ ಲಾಸ್ ಏಂಜಲಿಸ್ಸಿಗೆ ೨೦೨೮ನ್ನೂ ೨೦೧೭ರಲ್ಲಿ ಒಟ್ಟಿಗೇ ಹಂಚಿಕೊಡಲಾಯಿತು. ಪ್ಯಾರಿಸ್ ಬಳಸಿದ ಅಂಗಣಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಹಳೆಯವು ಅಥವಾ ತಾತ್ಕಾಲಿಕವಾದವು. ಹೊಸ ಈಜುಕೊಳವನ್ನು ಕಟ್ಟಿದುದು ಅಂಥ ಸೌಕರ್ಯದ ಕೊರತೆಯಿದ್ದ ಸೀನ್-ಸೆಂ-ದೆನಿ ಪ್ರಾಂತದಲ್ಲಿ.

ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯವು ೨೦೨೬ರ ಕಾಮನ್‌ವೆಲ್ತ್ ಕೂಟವನ್ನು ಸಣ್ಣ ಪಟ್ಟಣಗಳಲ್ಲಿ ನಡೆಸುವೆನೆಂದು ೨೦೨೨ರಲ್ಲಿ ಒಪ್ಪಿಕೊಂಡು, ೨೬೦ ಕೋಟಿ ಡಾಲರಿನ ಅಂದಾಜು ೬೦೦ ಕೋಟಿಯನ್ನು ಮೀರುವುದೆಂದು ಕಂಡು ಮರುವರ್ಷವೇ ಕೈಬಿಟ್ಟಿತು. ನಡೆಯದ ಆ ಕೂಟಕ್ಕೆ ೫೮ ಕೋಟಿ ೯೦ ಲಕ್ಷ ಡಾಲರಿಗೂ ಹೆಚ್ಚು ಹಣ ಪೋಲಾಯಿತೆಂದು ಅಲ್ಲಿನ ಲೆಕ್ಕಪರಿಶೋಧಕರು ಹೇಳಿದರು. ಅದೇ ಕೂಟವನ್ನು ಗ್ಲಾಸ್ಗೋ ಹತ್ತೇ ಕ್ರೀಡೆಗಳಿಗೆ ಇಳಿಸಿ, ಇರುವ ಅಂಗಣಗಳಲ್ಲಿಯೇ ನಡೆಸುವೆನೆಂಬ ಷರತ್ತಿನ ಮೇಲೆ ಒಪ್ಪಿಕೊಂಡಿತು. ಒಂದೇ ಕೂಟ, ಒಬ್ಬರು ಮೊದಲು ಸಹಿ ಹಾಕಿ ಆಮೇಲೆ ಎಣಿಸಿದರು, ಇನ್ನೊಬ್ಬರು ಮೊದಲು ಎಣಿಸಿದರು.

ಇದರಿಂದ ಫಲಿಸುವುದೇನೆಂದರೆ, ೧೯೭೮ರಲ್ಲಿ ಲಾಸ್ ಏಂಜಲಿಸ್ಸಿಗೆ ಇದ್ದಂಥ ಚೌಕಾಸಿಯ ಬಲ ಇಂದು ಮತ್ತೆ ಆತಿಥೇಯರ ಕಡೆಗೆ ಸರಿದಿದೆ. ಆ ಬಲವನ್ನು ಉಪಯೋಗಿಸದೆ, ವೈಭವದಲ್ಲಿ ಇತರರನ್ನು ಮೀರಿಸುವ ಹಂಬಲದಿಂದ ನಾವಾಗಿಯೇ ಹೊರೆ ಏರಿಸಿಕೊಂಡರೆ ಅದಕ್ಕೆ ಹೊರಗಿನವರನ್ನು ದೂರುವಂತಿಲ್ಲ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ, ಯಾವ ಸರ್ಕಾರವೇ ಆಗಲಿ ಆತಿಥ್ಯದ ಕೋರಿಕೆ ಸಲ್ಲಿಸುವ ಮುಂಚೆ ಸಾರ್ವಜನಿಕರ ಎದುರಿಗೆ ಉತ್ತರಿಸಬೇಕಾದ ನಾಲ್ಕು ಪ್ರಶ್ನೆಗಳನ್ನು ಸಂಗ್ರಹಿಸಿ ಹೇಳಬಹುದು. ಕೂಟವೇ ಬಾರದಿದ್ದರೂ ನಾವು ಕಟ್ಟುತ್ತಿದ್ದ ಕಾಮಗಾರಿಗಳು ಇವುಗಳಲ್ಲಿ ಯಾವುವು? ಪ್ರತಿಯೊಂದು ಅಂಗಣದಲ್ಲಿಯೂ ಕೂಟ ಮುಗಿದ ಮರುವರ್ಷ ಆಡುವವರು ಯಾರು, ಅದನ್ನು ನೋಡಿಕೊಳ್ಳುವ ಹಣ ಯಾರದು? ಅಂದಾಜು ಮೀರಿದರೆ ಕೇಂದ್ರ, ರಾಜ್ಯ, ನಗರಗಳಲ್ಲಿ ತೆರುವವರು ಯಾರು, ಎಷ್ಟರವರೆಗೆ, ಮತ್ತು ಯಾವ ಬಾಬನ್ನು ಮುಟ್ಟಕೂಡದು? ಮನೆ ಕಳೆದುಕೊಳ್ಳುವವರಿಗೂ ಕಟ್ಟಲು ಬರುವ ಕೂಲಿಕಾರರಿಗೂ ಕೊಟ್ಟ ಮಾತು ಗುತ್ತಿಗೆಯ ಪತ್ರದಲ್ಲಿ ಬರೆದಿದೆಯೆ?

೨೦೩೦ರ ಕೂಟದ ಮಟ್ಟಿಗೆ ಕೇಂದ್ರ ಸಚಿವ ಸಂಪುಟವು ೨೦೨೫ರ ಆಗಸ್ಟಿನಲ್ಲಿಯೇ ಖಾತರಿಗಳಿಗೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಇನ್ನು ಉಳಿದುದು ಅಂದಾಜನ್ನು ಬೇಗ ಪ್ರಕಟಿಸುವುದು, ಕೂಟದ ಪ್ರಮಾಣವನ್ನು ಹಿಡಿತದಲ್ಲಿಡುವುದು, ಲೆಕ್ಕಪರಿಶೋಧನೆಯನ್ನು ಕೂಟ ಮುಗಿದ ಮೇಲಲ್ಲದೆ ಕೆಲಸದ ಜೊತೆಜೊತೆಗೇ ನಡೆಸುವುದು. ೨೦೩೬ರ ಒಲಿಂಪಿಕ್ ಕೂಟದ ಮಾತು ಬೇರೆ. ಅಂತರರಾಷ್ಟ್ರೀಯ ಸಮಿತಿಯು ೨೦೨೫ರ ಜೂನಿನಲ್ಲಿ ಆತಿಥೇಯರ ಆಯ್ಕೆಯ ಕ್ರಮವನ್ನೇ ಪುನರ್ವಿಮರ್ಶೆಗೆ ಒಳಪಡಿಸಿ ತಡೆಹಿಡಿಯಿತು. ಅದರಿಂದ ನಮಗೆ ವಿಚಾರ ಮಾಡುವುದಕ್ಕೆ ಬಿಡುವು ದೊರೆಯಿತು.

ದೂರದ ಆದರ್ಶವನ್ನೇ ಅರಸಬೇಕಾದುದಿಲ್ಲ. ಒಡಿಶಾ ರಾಜ್ಯವು ೨೦೨೩ರ ಹಾಕಿ ವಿಶ್ವಕಪ್ಪಿಗೆಂದು ರೂರ್ಕೆಲಾದಲ್ಲಿ ಬಿರ್ಸಾ ಮುಂಡಾ ಕ್ರೀಡಾಂಗಣವನ್ನು ಕಟ್ಟಿತು. ಅದಿರುವ ಸುಂದರಗಢ ಜಿಲ್ಲೆಯ ಹಳ್ಳಿಗಳಲ್ಲಿ ಹುಡುಗರೂ ಹುಡುಗಿಯರೂ ತಲೆಮಾರುಗಳಿಂದ ಹಾಕಿ ಆಡುತ್ತ ಬಂದು ದೇಶದ ತಂಡಕ್ಕೆ ಆಟಗಾರರನ್ನು ಒದಗಿಸಿದ್ದಾರೆ. ಅಲ್ಲಿ ಮೊದಲು ಆಟವಿತ್ತು, ಆಮೇಲೆ ಅಂಗಣ ಬಂತು. ಅಂಗಣ ಕಟ್ಟಿದರೆ ಆಟ ತಾನಾಗಿಯೇ ಹುಟ್ಟುವುದೆಂಬ ನಂಬಿಕೆಯನ್ನು ಅಥೆನ್ಸ್ ಮನೌಸ್‌ಗಳು ಸುಳ್ಳುಮಾಡಿವೆ.

ಈ ವಿಷಯದಲ್ಲಿ ವಿಶ್ವವಿದ್ಯಾಲಯಗಳ ಕರ್ತವ್ಯವೂ ಇದೆ. ಕೂಟವನ್ನು ಬಯಸುವವರೂ ವಿರೋಧಿಸುವವರೂ ತಮತಮಗೆ ಅನುಕೂಲವಾದ ಅಂಕಿಗಳನ್ನು ಎತ್ತಿಹೇಳುವಾಗ, ನಿಷ್ಪಕ್ಷಪಾತವಾಗಿ ಎಣಿಸಿ ನೋಡುವ ಹೊಣೆ ಅರ್ಥಶಾಸ್ತ್ರ, ನಗರಯೋಜನೆ, ಸಮಾಜಶಾಸ್ತ್ರಗಳ ಅಭ್ಯಾಸಿಗಳ ಮೇಲೆ ಬೀಳುತ್ತದೆ. ಹಿಂದಿನ ಕೂಟಗಳಿಗಾಗಿ ನಮ್ಮ ನಾಡಿನಲ್ಲಿ ಕಟ್ಟಿದ ಒಂದೊಂದು ಅಂಗಣವನ್ನೂ ಇಂದು ಯಾರು ಬಳಸುತ್ತಿದ್ದಾರೆ, ವರ್ಷಕ್ಕೆ ಎಷ್ಟು ದಿನ ಬಾಗಿಲು ತೆರೆದಿರುತ್ತದೆ, ಪಾಲನೆಯ ವೆಚ್ಚವೆಷ್ಟು ಎಂಬ ಸರಳವಾದ ಸಮೀಕ್ಷೆಯಿಂದಲೇ ನಮ್ಮ ವಿದ್ಯಾರ್ಥಿಗಳು ಆರಂಭಿಸಬಹುದು. ಸಹಿ ಬೀಳುವ ಮುಂಚೆ ಅಂಥ ಹತ್ತು ಪುಟಗಳು ಮಂತ್ರಿಗಳ ಮೇಜಿನ ಮೇಲಿದ್ದರೆ, ಸಹಿ ಬಿದ್ದ ಮೇಲೆ ಬರೆಯುವ ಸಾವಿರ ಪುಟಗಳ ವರದಿಗಿಂತ ಅವು ಹೆಚ್ಚು ಫಲಕಾರಿಯಾಗುವುವೆಂಬುದರಲ್ಲಿ ಸಂದೇಹವಿಲ್ಲ.